ಅಗ್ನಿವಿಮೆಯ ಇತಿಹಾಸ ಮತ್ತು ಸತ್ಯಾಣುವ್ರತ

ಸತ್ಯಾಣುವ್ರತದ ಐದು ಅತಿಚಾರಗಳನ್ನು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಎಣಿಸುತ್ತದೆ. ಅವುಗಳಲ್ಲಿ ಕೂಟಲೇಖಕ್ರಿಯೆ ಮತ್ತು ನ್ಯಾಸಾಪಹಾರ ಎಂಬ ಎರಡು ಗೃಹಸ್ಥನ ಹಣಕಾಸಿನ ವ್ಯವಹಾರಕ್ಕೆ ನೇರವಾಗಿ ಸಂಬಂಧಿಸಿದವು. ಪರರನ್ನು ವಂಚಿಸಲು ಸುಳ್ಳು ಪತ್ರವನ್ನು ಬರೆಯುವುದು ಮೊದಲನೆಯದು. ಎರಡನೆಯದು ಇನ್ನೂ ಸೂಕ್ಷ್ಮವಾದುದು. ನಂಬಿ ಒಡವೆಯನ್ನು ಇರಿಸಿದವನು ಅದರ ಮೊತ್ತವನ್ನು ಮರೆತು ಕಡಿಮೆ ಕೇಳಿದಾಗ, ‘ಹೌದು, ಅಷ್ಟೇ’ ಎಂದು ಅಷ್ಟನ್ನು ಮಾತ್ರ ಕೊಟ್ಟು ಉಳಿದುದನ್ನು ತನ್ನಲ್ಲೇ ಉಳಿಸಿಕೊಳ್ಳುವುದನ್ನು ಟೀಕಾಕಾರರು ನ್ಯಾಸಾಪಹಾರವೆಂದು ವಿವರಿಸಿದ್ದಾರೆ. ಇಲ್ಲಿ ಕಸಿದುಕೊಂಡದ್ದಿಲ್ಲ, ಬಾಯಿಬಿಟ್ಟು ಹೇಳಬೇಕಾದಲ್ಲಿ ಹೇಳದೆ ಉಳಿದದ್ದೇ ದೋಷ. ಈ ಎರಡು ಅತಿಚಾರಗಳೂ ಇಂದು ಒಟ್ಟಿಗೆ ಎದುರಾಗುವ ಸ್ಥಳವೊಂದಿದೆ. ಅದು ಬೆಂಕಿಗೆ ಆಹುತಿಯಾದ ಮನೆ.

ಅಗ್ನಿವಿಮೆಯ ಕಥೆ ಸಾಮಾನ್ಯವಾಗಿ ಲಂಡನ್ ನಗರದಿಂದ ಆರಂಭವಾಗುತ್ತದೆ. 1666ರ ಸೆಪ್ಟೆಂಬರ್ 2ರಂದು ಪುಡಿಂಗ್ ಲೇನಿನ ಬ್ರೆಡ್ ಸುಡುವ ಅಂಗಡಿಯೊಂದರಲ್ಲಿ ಹೊತ್ತಿದ ಬೆಂಕಿಯು ಕೆಲವೇ ದಿನಗಳಲ್ಲಿ ಸುಮಾರು 13,200 ಮನೆಗಳನ್ನೂ 87 ಚರ್ಚುಗಳನ್ನೂ ಭಸ್ಮ ಮಾಡಿತು. ಬೆಂಕಿ ಆರಿದ ಮೇಲೆ ಎದ್ದ ಪ್ರಶ್ನೆ ಒಂದೇ: ಮರಳಿ ಕಟ್ಟುವ ವೆಚ್ಚ ಯಾರದು? ಅಂದಿನ ಗೇಣಿ ಕರಾರುಗಳ ಪ್ರಕಾರ ಮನೆಯ ದುರಸ್ತಿಯ ಹೊಣೆ ಬಹುಮಟ್ಟಿಗೆ ಬಾಡಿಗೆದಾರನದೇ ಆಗಿತ್ತು. ಮನೆ ಸುಟ್ಟುಹೋದರೂ ಬಾಡಿಗೆ ತಪ್ಪುತ್ತಿರಲಿಲ್ಲ. ಸರ್ವಸ್ವವನ್ನೂ ಕಳೆದುಕೊಂಡವನು ಇಲ್ಲದ ಮನೆಗೆ ಬಾಡಿಗೆ ಕೊಡುತ್ತ ಇನ್ನೊಬ್ಬನ ಮನೆಯನ್ನು ಕಟ್ಟಿಕೊಡಬೇಕಾದ ಸ್ಥಿತಿ ಬಂದಿತು. ಇದನ್ನು ಪರಿಹರಿಸಲು 1667ರಲ್ಲಿ ಅಗ್ನಿ ನ್ಯಾಯಾಲಯವೊಂದು ಕುಳಿತಿತು. ಅದರ ನ್ಯಾಯಾಧೀಶರು ಸಂಭಾವನೆಯಿಲ್ಲದೆ ದುಡಿದರು. ಕರಾರಿನ ಅಕ್ಷರಕ್ಕೆ ಜೋತುಬೀಳದೆ, ಕಟ್ಟುವ ಶಕ್ತಿ ಯಾರಿಗಿದೆ ಎಂಬುದನ್ನು ನೋಡಿ, ಬಾಡಿಗೆಯನ್ನು ಇಳಿಸಿ, ಗೇಣಿಯ ಅವಧಿಯನ್ನು ಹೆಚ್ಚಿಸಿ ಇಬ್ಬರಿಗೂ ಭಾರವನ್ನು ಹಂಚಿದರು. ಹಾನಿಯನ್ನು ಹಂಚಿಕೊಂಡರೆ ಮಾತ್ರ ಊರು ಮತ್ತೆ ಏಳುತ್ತದೆ ಎಂಬ ಅರಿವು ಆ ತೀರ್ಪುಗಳಲ್ಲಿತ್ತು.

ಹಾನಿ ಸಂಭವಿಸಿದ ಬಳಿಕ ನ್ಯಾಯಾಲಯ ಮಾಡಿದ ಕೆಲಸವನ್ನು ಹಾನಿಗೆ ಮೊದಲೇ ಮಾಡಿಡುವ ಯೋಜನೆಯನ್ನು ನಿಕೊಲಸ್ ಬಾರ್ಬನ್ ಎಂಬ ವೈದ್ಯ ಹಾಗೂ ಕಟ್ಟಡ ನಿರ್ಮಾಪಕನು 1680ರ ಸುಮಾರಿಗೆ ಕಾರ್ಯರೂಪಕ್ಕೆ ತಂದನು. ಇಟ್ಟಿಗೆಯ ಮನೆಗೆ ವಾರ್ಷಿಕ ಬಾಡಿಗೆಯ ಶೇಕಡಾ ಎರಡೂವರೆ, ಮರದ ಮನೆಗೆ ಶೇಕಡಾ ಐದು ಎಂದು ಅವನು ವಿಮೆಯ ಕಂತನ್ನು ನಿಗದಿಪಡಿಸಿದನು. 1696ರಲ್ಲಿ ‘ಹ್ಯಾಂಡ್ ಇನ್ ಹ್ಯಾಂಡ್’ ಎಂಬ ಸಂಸ್ಥೆಯು ಹುಟ್ಟಿತು. ಅಲ್ಲಿ ಪಾಲಿಸಿದಾರರೇ ಪರಸ್ಪರರಿಗೆ ಹೊಣೆಗಾರರು. ಹಿಡಿದ ಕೈಗಳೇ ಅದರ ಲಾಂಛನ. ಅಂದರೆ ಒಬ್ಬನು ಕಟ್ಟಿದ ಕಂತು ಅವನ ನೆರೆಯವನ ನ್ಯಾಸವಾಗಿತ್ತು.

ಈ ನ್ಯಾಸದ ಕಠಿಣ ಪರೀಕ್ಷೆ ನಡೆದದ್ದು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ. 1906ರ ಏಪ್ರಿಲ್ 18ರ ಮುಂಜಾನೆ ಭೂಕಂಪವಾಯಿತು. ಅದರ ಬೆನ್ನಿಗೇ ಎದ್ದ ಬೆಂಕಿ ದಿನಗಟ್ಟಲೆ ಉರಿಯಿತು. ಸುಮಾರು 28,000 ಕಟ್ಟಡಗಳು ನಾಶವಾದವು. ಪಾಲಿಸಿಗಳು ಬೆಂಕಿಗೆ ರಕ್ಷಣೆ ಕೊಡುತ್ತಿದ್ದವು, ಭೂಕಂಪಕ್ಕಲ್ಲ. ಹೀಗಾಗಿ ಮನೆ ಮೊದಲು ಕುಸಿಯಿತೋ, ಮೊದಲು ಸುಟ್ಟಿತೋ ಎಂಬ ಒಂದು ಪ್ರಶ್ನೆಯ ಮೇಲೆ ಕುಟುಂಬಗಳ ಭವಿಷ್ಯ ನಿಂತಿತು. ಕುಸಿದ ಮನೆಗೆ ತಾವೇ ಬೆಂಕಿಯಿಟ್ಟವರಿದ್ದರೆಂಬ ವರದಿಗಳಿವೆ. ಇತ್ತ ಕೆಲವು ವಿದೇಶೀ ಕಂಪನಿಗಳು ಭೂಕಂಪದ ನೆಪವೊಡ್ಡಿ ಹೊಣೆಯನ್ನು ನಿರಾಕರಿಸಿದವು. ಹಲವು ಕಂಪನಿಗಳು ಡಾಲರಿಗೆ ಮುಕ್ಕಾಲು ಪಾಲು ಒಪ್ಪಿಕೊಳ್ಳಿರೆಂದು ಚೌಕಾಸಿ ಮಾಡಿದವು. ಜನರು ಅವನ್ನು ‘ಮುಕ್ಕಾಲಿನ ಕಂಪನಿ’ಗಳೆಂದೇ ಕರೆದರು. ಲಂಡನ್ನಿನ ಲಾಯ್ಡ್ಸ್ ಸಂಸ್ಥೆಯ ಕತ್‌ಬರ್ಟ್ ಹೀತ್ ಎಂಬಾತನು ಮಾತ್ರ, ಷರತ್ತುಗಳನ್ನು ಹಿಡಿದು ವಾದಿಸದೆ ತನ್ನ ಪಾಲಿಸಿದಾರರೆಲ್ಲರಿಗೂ ಪೂರ್ಣ ಹಣವನ್ನು ಸಲ್ಲಿಸಬೇಕೆಂದು ತನ್ನ ಪ್ರತಿನಿಧಿಗೆ ಸೂಚಿಸಿದನು. ಅಮೆರಿಕದಲ್ಲಿ ಲಾಯ್ಡ್ಸ್ ಗಳಿಸಿದ ಕೀರ್ತಿಗೆ ಈ ಒಂದು ನಡೆ ಬಹುವಾಗಿ ಕಾರಣವಾಯಿತು.

ಆ ಬೆಂಕಿಯಲ್ಲಿ ಮನೆಗಳೊಂದಿಗೆ ಪಾಲಿಸಿ ಪತ್ರಗಳೂ, ಕೆಲವು ಕಂಪನಿಗಳ ದಾಖಲೆಗಳೂ ಸುಟ್ಟುಹೋಗಿದ್ದವು. ಪತ್ರವಿಲ್ಲದಲ್ಲಿ ಉಳಿದದ್ದು ಮಾತು ಮಾತ್ರ. ಇಲ್ಲದ್ದನ್ನು ಇತ್ತೆಂದು ಬರೆದವನು ಕೂಟಲೇಖಕ್ಕೆ ಇಳಿದಂತೆ. ಮರೆತವನ ಮರೆವನ್ನು ಲಾಭವಾಗಿಸಿಕೊಂಡವನು ನ್ಯಾಸವನ್ನು ಅಪಹರಿಸಿದಂತೆ. ನಮ್ಮ ಆಚಾರ್ಯರು ಇವೆರಡನ್ನೂ ಒಂದೇ ವ್ರತದ ಅತಿಚಾರಗಳಾಗಿ ಅಕ್ಕಪಕ್ಕದಲ್ಲಿ ಇರಿಸಿದ್ದರ ಔಚಿತ್ಯ ಇಲ್ಲಿ ಕಾಣುತ್ತದೆ.

ಭಾರತದಲ್ಲಿ ಸಾಮಾನ್ಯ ವಿಮೆಯು 1850ರಲ್ಲಿ ಕಲ್ಕತ್ತೆಯ ಟ್ರೈಟನ್ ಕಂಪನಿಯೊಂದಿಗೆ ಆರಂಭವಾಯಿತು. 1973ರ ಜನವರಿ 1ರಿಂದ ಈ ಉದ್ಯಮವು ರಾಷ್ಟ್ರೀಕರಣಗೊಂಡು 107 ವಿಮಾ ಸಂಸ್ಥೆಗಳು ನಾಲ್ಕು ಕಂಪನಿಗಳಲ್ಲಿ ವಿಲೀನವಾದವು. ಈ ಶತಮಾನದ ಹೊಸ್ತಿಲಲ್ಲಿ ಖಾಸಗಿ ಕಂಪನಿಗಳಿಗೆ ಮತ್ತೆ ಅವಕಾಶ ದೊರೆಯಿತು. 2021ರ ಏಪ್ರಿಲ್ 1ರಿಂದ ವಾಸದ ಮನೆಗಳಿಗಾಗಿ ‘ಭಾರತ್ ಗೃಹ ರಕ್ಷಾ’ ಎಂಬ ಏಕರೂಪದ ಪಾಲಿಸಿ ಜಾರಿಗೆ ಬಂದಿದೆ. ಶ್ರಾವಕ ಕುಟುಂಬಗಳು ಇದರ ಒಡಲನ್ನು ಅರಿತಿರುವುದು ಒಳಿತು.

ಬೆಂದ ಮನೆಯನ್ನು ಮೊದಲಿನಂತೆ ಮಾಡುವುದೆಂದರೆ ಗೋಡೆ ಕಟ್ಟಿ ಸುಣ್ಣ ಬಳಿಯುವುದಷ್ಟೇ ಅಲ್ಲ. ಮೊದಲು ಸುಟ್ಟ ಅವಶೇಷಗಳನ್ನು ಸಾಗಿಸಬೇಕು. ಶಾಖಕ್ಕೆ ಸಿಲುಕಿದ ಕಾಂಕ್ರೀಟು, ಕಬ್ಬಿಣ, ಮರದ ತೊಲೆಗಳು ಇನ್ನೂ ಭಾರ ಹೊರಬಲ್ಲವೇ ಎಂದು ಇಂಜಿನಿಯರು ಪರೀಕ್ಷಿಸಬೇಕು. ವಿದ್ಯುತ್ ತಂತಿಗಳನ್ನು ಹೊಸದಾಗಿ ಎಳೆಯಬೇಕು. ಉರಿ ತಾಗದ ಕೋಣೆಯಲ್ಲಿಯೂ ಮಸಿ ಮತ್ತು ಹೊಗೆಯ ವಾಸನೆ, ಬೆಂಕಿ ಆರಿಸಲು ಸುರಿದ ನೀರಿನ ತೇವ ಉಳಿದಿರುತ್ತದೆ. ಇದೆಲ್ಲ ಮುಗಿಯುವವರೆಗೆ ಕುಟುಂಬವು ಬೇರೊಂದು ಮನೆಗೆ ಬಾಡಿಗೆ ತೆರಬೇಕು. ಮೇಲೆ ಹೇಳಿದ ಪಾಲಿಸಿಯಲ್ಲಿ ಅವಶೇಷ ಸಾಗಿಸಲು ಪರಿಹಾರ ಮೊತ್ತದ ಶೇಕಡಾ 2ರವರೆಗೆ, ವಾಸ್ತುಶಿಲ್ಪಿ, ಇಂಜಿನಿಯರ್ ಮೊದಲಾದವರ ಶುಲ್ಕಕ್ಕೆ ಶೇಕಡಾ 5ರವರೆಗೆ ಅವಕಾಶವಿದೆ. ಬದಲಿ ವಸತಿಯ ಬಾಡಿಗೆಗೂ ಅವಕಾಶವಿದೆ. ಮನೆಯ ಸಾಮಾನುಗಳಿಗೆ, ಕಟ್ಟಡದ ವಿಮಾ ಮೊತ್ತದ ಶೇಕಡಾ 20ರಷ್ಟು, 10 ಲಕ್ಷ ರೂಪಾಯಿಯ ಮಿತಿಯೊಳಗೆ, ತಾನಾಗಿಯೇ ರಕ್ಷಣೆ ದೊರೆಯುತ್ತದೆ. ಒಡವೆ, ಕಲಾಕೃತಿಗಳಿಗೆ ಬೇರೆಯಾಗಿ ಮೌಲ್ಯವನ್ನು ಒಪ್ಪಿಸಿ ವಿಮೆ ಪಡೆಯಬೇಕು. ಸಂಕಟದಲ್ಲಿರುವ ಗೃಹಸ್ಥನಿಗೆ ಇವು ನೆನಪಿರುವುದಿಲ್ಲ. ಅವನು ಗೋಡೆಯ ವೆಚ್ಚವನ್ನಷ್ಟೇ ಕೇಳುತ್ತಾನೆ. ಆಗ ಉಳಿದುದನ್ನು ತಾನಾಗಿ ತಿಳಿಸುವ ಅಧಿಕಾರಿಯು ನ್ಯಾಸವನ್ನು ಪೂರ್ಣವಾಗಿ ಹಿಂದಿರುಗಿಸಿದವನಾಗುತ್ತಾನೆ.

ವಿಮಾ ಮೊತ್ತವನ್ನು ನಿಶ್ಚಯಿಸುವಾಗಲೂ ಸತ್ಯ ಬೇಕು. ಎಣಿಸಬೇಕಾದದ್ದು ನಿವೇಶನದ ಬೆಲೆಯನ್ನಲ್ಲ, ಮನೆಯನ್ನು ಮತ್ತೆ ಕಟ್ಟಲು ತಗಲುವ ವೆಚ್ಚವನ್ನು. ಅಗ್ನಿವಿಮೆಯ ಹಳೆಯ ಸರಾಸರಿ ನಿಯಮದಂತೆ, 40 ಲಕ್ಷ ರೂಪಾಯಿ ವೆಚ್ಚದ ಕಟ್ಟಡಕ್ಕೆ 20 ಲಕ್ಷಕ್ಕೆ ಮಾತ್ರ ವಿಮೆ ಮಾಡಿಸಿದವನಿಗೆ 8 ಲಕ್ಷ ನಷ್ಟವಾದರೆ ದೊರೆಯುವುದು 4 ಲಕ್ಷ ಮಾತ್ರ. ಗೃಹ ರಕ್ಷಾ ಪಾಲಿಸಿಯಲ್ಲಿ ಈ ಕಡಿತವನ್ನು ಕೈಬಿಡಲಾಗಿದೆ. ಆದರೆ ಅಂಗಡಿ ಮತ್ತು ಇತರ ಕಟ್ಟಡಗಳ ಪಾಲಿಸಿಗಳಲ್ಲಿ ಅದು ಒಂದಲ್ಲ ಒಂದು ಪ್ರಮಾಣದಲ್ಲಿ ಉಳಿದಿರುವುದರಿಂದ, ಬಸದಿ, ಧರ್ಮಶಾಲೆಗಳನ್ನು ನಡೆಸುವ ಟ್ರಸ್ಟುಗಳು ತಮ್ಮ ಪಾಲಿಸಿಯ ಷರತ್ತನ್ನು ಓದಿಸಿ ತಿಳಿಯಬೇಕು. ಕಟ್ಟಡದ ನಕ್ಷೆ, ಭಾವಚಿತ್ರ, ಸಾಮಗ್ರಿಗಳ ಪಟ್ಟಿ, ಪಾಲಿಸಿಯ ಪ್ರತಿ ಇವೆಲ್ಲದರ ಒಂದು ನಕಲು ಆ ಕಟ್ಟಡದ ಹೊರಗೆ ಇರಬೇಕು. ಇದು ಸ್ಯಾನ್ ಫ್ರಾನ್ಸಿಸ್ಕೋ ಕಲಿಸಿದ ಪಾಠ.

ವಿಮೆಯು ಎಲ್ಲವನ್ನೂ ಮರಳಿ ಕೊಡಲಾರದೆಂಬುದೂ ನಿಜ. ಮೂಡುಬಿದಿರೆಯಲ್ಲಿ ಶತಮಾನಗಳ ಕಾಲ ಉಳಿದುಬಂದ ಧವಲಾದಿ ತಾಡವೋಲೆಗಳಂತಹ ನಿಧಿಗೆ ಪರಿಹಾರಧನವೆಂಬುದೇ ಇಲ್ಲ. ಅಲ್ಲಿ ಜಾಗರೂಕತೆಯೊಂದೇ ರಕ್ಷೆ. ಸಮಂತಭದ್ರಾಚಾರ್ಯರು ಅನರ್ಥದಂಡವ್ರತವನ್ನು ವಿವರಿಸುತ್ತ, ಪ್ರಯೋಜನವಿಲ್ಲದೆ ಬೆಂಕಿಯನ್ನು ಹೊತ್ತಿಸುವುದನ್ನೂ ಪ್ರಮಾದಚರ್ಯೆಯಲ್ಲಿ ಸೇರಿಸಿದ್ದಾರೆ. ಹಳೆಯ ತಂತಿಯನ್ನು ಬದಲಿಸದಿರುವುದೂ, ಉರಿಯುವ ದೀಪವನ್ನು ನೋಡುವವರಿಲ್ಲದೆ ಬಿಟ್ಟು ಬಾಗಿಲು ಹಾಕುವುದೂ ಅದೇ ಪ್ರಮಾದದ ಇಂದಿನ ರೂಪಗಳು. ವಿಮೆಯಿದೆ ಎಂಬ ಧೈರ್ಯದಿಂದ ಪ್ರಮಾದವು ಕ್ಷಮ್ಯವಾಗುವುದಿಲ್ಲ. ಮನೆಯೊಂದಿಗೆ ಬೇಯುವ ಅಸಂಖ್ಯ ಜೀವಿಗಳ ಹಾನಿಯನ್ನು ಯಾವ ಪಾಲಿಸಿಯೂ ತುಂಬಿಕೊಡದು.

ವಿಮೆಯ ನಿಧಿಯಲ್ಲಿ ಇರುವುದು ಕಾಣದ ಸಾವಿರಾರು ಸಂಸಾರಗಳ ಉಳಿತಾಯ. ಆದುದರಿಂದ ಬೆಂಕಿ ಬಿದ್ದ ಮನೆಯ ಯಜಮಾನನು ನಷ್ಟದ ಪಟ್ಟಿಯಲ್ಲಿ ಇಲ್ಲದ ಒಂದು ಬೀರುವನ್ನೂ ಬರೆಯದಿರಲಿ. ನ್ಯಾಯವಾಗಿ ಬರಬೇಕಾದದ್ದನ್ನು ಸಂಕೋಚದಿಂದ ಬಿಟ್ಟುಬಿಡದಿರಲಿ. ನ್ಯಾಯ ದೊರೆಯದ ಕುಟುಂಬವು ಮೊದಲು ಕಂಪನಿಗೆ ಲಿಖಿತ ದೂರು ಕೊಟ್ಟು, ಅದರಿಂದ ಫಲ ಕಾಣದಿದ್ದರೆ ಶುಲ್ಕವಿಲ್ಲದೆ ವಿಮಾ ಲೋಕಪಾಲರ ಮೊರೆ ಹೋಗಬಹುದು. ನಮ್ಮ ಸಮಾಜದಲ್ಲಿ ವಿಮಾ ಪ್ರತಿನಿಧಿಗಳೂ ಸರ್ವೇಯರರೂ ಲೆಕ್ಕಪರಿಶೋಧಕರೂ ಇದ್ದಾರೆ. ಅವರ ಮೇಜಿನ ಮೇಲೆ ಬರುವ ಪ್ರತಿಯೊಂದು ಕಡತವೂ ಒಂದು ನ್ಯಾಸ. ಕೇಳಿದವನಿಗೆ ಕೇಳಿದಷ್ಟನ್ನೇ ಅಲ್ಲ, ಸಲ್ಲಬೇಕಾದಷ್ಟನ್ನು ಸಲ್ಲಿಸುವಲ್ಲಿಯೇ ಸತ್ಯಾಣುವ್ರತದ ಪಾಲನೆಯಿದೆ.