ಒಂದನೇ ಕೃಷ್ಣ, ಎರಡನೇ ಡಾಕ್ಟರ್

ಹಾಸನ ಜಿಲ್ಲೆಯ ಗೊರೂರು, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಸೀಮೆಯ ಹಳ್ಳಿಗಳಲ್ಲಿ ಪೌರಾಣಿಕ ನಾಟಕದ ಕರಪತ್ರ ಕೈಗೆ ಬಂದರೆ ಮೇಲೆ ದಪ್ಪಕ್ಷರದಲ್ಲಿ ‘ಕುರುಕ್ಷೇತ್ರ ಅಥವಾ ಧರ್ಮರಾಜ್ಯ ಸ್ಥಾಪನೆ’ ಎಂದಿರುತ್ತದೆ. ಕೆಳಗೆ ಪಾತ್ರವರ್ಗ. ಅಲ್ಲಿ ಕೃಷ್ಣ ಒಬ್ಬನೇ ಇರುವುದು ಅಪರೂಪ. ಒಂದನೇ ಕೃಷ್ಣ, ಎರಡನೇ ಕೃಷ್ಣ, ಕೆಲವು ಊರಲ್ಲಿ ಮೂರನೇ ಕೃಷ್ಣನೂ ಉಂಟು. ದುರ್ಯೋಧನನಿಗೂ ಹಾಗೆಯೇ. ರಾತ್ರಿ ಊಟ ಮುಗಿದ ಮೇಲೆ ಶುರುವಾದ ನಾಟಕ ಕೋಳಿ ಕೂಗುವ ಹೊತ್ತಿಗೆ ಯುದ್ಧಕ್ಕೆ ಬರುವಷ್ಟರಲ್ಲಿ ಕೃಷ್ಣನ ಎತ್ತರ, ದನಿ, ನಡಿಗೆ ಎಲ್ಲ ಬೇರೆಯಾಗಿರುತ್ತದೆ. ಚಾಪೆಯ ಮೇಲೆ ಕೂತವರಿಗೆ ಅದೊಂದು ತೊಡಕೇ ಅಲ್ಲ. ಹೊಸ ಕೃಷ್ಣ ಮೊದಲ ಪದ್ಯ ಎತ್ತಿದ ಕೂಡಲೇ ಹಾರ್ಮೋನಿಯಂ ಮೇಷ್ಟ್ರು ಶ್ರುತಿ ಹೊಂದಿಸಿಕೊಳ್ಳುತ್ತಾರೆ, ಕಥೆ ಮುಂದೆ ಹೋಗುತ್ತದೆ.

ಇದೇ ಕೆಲಸವನ್ನು ಟೆಲಿವಿಷನ್‌ನಲ್ಲಿ ಮಾಡಿ ಅರುವತ್ತು ವರ್ಷ ದಾಟಿದ ಧಾರಾವಾಹಿ ಬ್ರಿಟನ್ನಿನ ಬಿಬಿಸಿಯ ‘ಡಾಕ್ಟರ್ ಹೂ’. ಕಾಲದಲ್ಲೂ ಆಕಾಶದಲ್ಲೂ ಸಂಚರಿಸುವ ಒಬ್ಬ ಅನ್ಯಗ್ರಹದವನ ಕಥೆ ಅದು. ನಾಯಕನ ಮುಖ ಬದಲಾದಾಗಲೆಲ್ಲ ಧಾರಾವಾಹಿ ಹೊಸದಾಗಿ ಹುಟ್ಟುತ್ತದೆ. ಈ ಎರಡನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿದರೆ, ಪಾತ್ರ ಉಳಿದು ಪಾತ್ರಧಾರಿ ಹೋಗುವುದನ್ನು ಪ್ರೇಕ್ಷಕ ಯಾವಾಗ ಒಪ್ಪುತ್ತಾನೆ, ಯಾವಾಗ ಒಪ್ಪುವುದಿಲ್ಲ ಎಂಬ ಪ್ರಶ್ನೆಗೆ ದಾರಿ ಸಿಗುತ್ತದೆ.

‘ಡಾಕ್ಟರ್ ಹೂ’ ಮೊದಲ ಕಂತು ಬಂದದ್ದು 1963ರ ನವೆಂಬರ್ 23ರಂದು. ಅಮೆರಿಕದ ಅಧ್ಯಕ್ಷ ಕೆನಡಿ ಹತ್ಯೆಯಾದ ಮರುದಿನ ಅದು. ಆ ಗದ್ದಲದಲ್ಲಿ ಕಂತು ಎಷ್ಟೋ ಜನರಿಗೆ ತಪ್ಪಿಹೋಯಿತೆಂದು ಮುಂದಿನ ವಾರ ಮತ್ತೆ ತೋರಿಸಿದರು. ನಿರ್ಮಾಪಕಿ ವೆರಿಟಿ ಲ್ಯಾಂಬರ್ಟ್; ಮೊದಲ ಕಂತಿನ ನಿರ್ದೇಶಕ ವಾರಿಸ್ ಹುಸೇನ್, ಹುಟ್ಟಿದ್ದು ನಮ್ಮ ಲಖನೌದಲ್ಲಿ. ಡಾಕ್ಟರ್ ಆಗಿ ವಿಲಿಯಂ ಹಾರ್ಟ್‌ನೆಲ್ ಬಿಳಿಕೂದಲಿನ ಮುಂಗೋಪಿ ಅಜ್ಜನಂತೆ ನಿಂತರು. ಮೂರು ವರ್ಷದಲ್ಲಿ ಅವರ ಆರೋಗ್ಯ ಕೆಟ್ಟಿತು, ಮಾತು ಮರೆತುಹೋಗತೊಡಗಿತು. ಧಾರಾವಾಹಿಗೆ ಮಾತ್ರ ನೋಡುಗರು ಇನ್ನೂ ಇದ್ದರು.

ಆಗ ಅದನ್ನು ಕಟ್ಟುತ್ತಿದ್ದವರಿಗೆ ಮೂರು ದಾರಿ ಇತ್ತು. ನಿಲ್ಲಿಸಬಹುದಿತ್ತು. ಏನೂ ಆಗದವರಂತೆ ಬೇರೊಬ್ಬ ನಟನನ್ನು ಅದೇ ವೇಷದಲ್ಲಿ ತಂದು ನಿಲ್ಲಿಸಬಹುದಿತ್ತು. ಅವರು ಮೂರನೆಯದನ್ನು ಹಿಡಿದರು: ನಟ ಬದಲಾಗುವುದನ್ನೇ ಕಥೆಯೊಳಗಿನ ಒಂದು ಘಟನೆ ಮಾಡಿದರು. ಡಾಕ್ಟರ್ ಮನುಷ್ಯನಲ್ಲ, ಅವನ ದೇಹ ಸವೆದಾಗ ಹೊಸದಾಗುತ್ತದೆ ಎಂದರು. 1966ರ ಅಕ್ಟೋಬರ್ 29ರಂದು ‘ದಿ ಟೆಂತ್ ಪ್ಲಾನೆಟ್’ ಕಥೆಯ ಕೊನೆಯ ಕಂತಿನಲ್ಲಿ ಮುದುಕ ಡಾಕ್ಟರ್ ತನ್ನ ಕಾಲಯಂತ್ರದ ನೆಲದ ಮೇಲೆ ಕುಸಿದು ಬೀಳುತ್ತಾನೆ. ಮುಖ ಬೆಳಕಿನಲ್ಲಿ ಕರಗಿದಂತಾಗಿ ತೆರೆ ಬೆಳ್ಳಗಾಗುತ್ತದೆ. ಬೆಳಕು ಇಳಿದಾಗ ಅಲ್ಲಿ ಮಲಗಿರುವವರು ಪ್ಯಾಟ್ರಿಕ್ ಟ್ರೌಟನ್. ಕಂಪ್ಯೂಟರ್ ಗ್ರಾಫಿಕ್ಸ್ ಇಲ್ಲದ ಕಾಲ. ಎರಡು ಚಿತ್ರಗಳನ್ನು ಒಂದರೊಳಗೊಂದು ಬೆರೆಸಿ, ಬೆಳಕನ್ನು ಮಿತಿಮೀರಿ ಏರಿಸಿದ್ದಷ್ಟೇ ಅಲ್ಲಿನ ಜಾದೂ.

ಮುಂದಿನ ವಾರ ಶುರುವಾದ ಕಥೆ ಇನ್ನೂ ಜಾಣತನದ್ದು. ಡಾಕ್ಟರನ ಜೊತೆಗಾರರಾದ ಬೆನ್ ಮತ್ತು ಪೋಲಿ ಹೊಸಬನನ್ನು ಕೂಡಲೇ ನಂಬುವುದಿಲ್ಲ. ಮನೆಯಲ್ಲಿ ಕೂತ ನೋಡುಗನ ಅನುಮಾನವನ್ನೆಲ್ಲ ಅವರ ಬಾಯಲ್ಲೇ ಆಡಿಸುತ್ತಾರೆ. ಕೊನೆಗೆ ಇವನೇ ಡಾಕ್ಟರ್ ಎಂದು ಗುರುತು ಹಿಡಿಯುವುದು ಅವನ ಹಳೆಯ ವೈರಿ ಡಾಲೆಕ್. ಸ್ನೇಹಿತರು ಅನುಮಾನಿಸಿದವನನ್ನು ಶತ್ರು ಗುರುತಿಸುವುದು! ಕುರುಕ್ಷೇತ್ರ ನಾಟಕದಲ್ಲಿ ಎರಡನೇ ಕೃಷ್ಣನನ್ನು ದುರ್ಯೋಧನ ‘ಎಲೈ ಕೃಷ್ಣ’ ಎಂದು ಕರೆದೊಡನೆ ಅವನು ಕೃಷ್ಣನಾಗಿಬಿಡುವ ಕ್ರಮವೂ ಇದೇ ಅಲ್ಲವೇ?

ಈ ಹೋಲಿಕೆ ಮೇಲುಮೇಲಿನದಲ್ಲ. ಹಳ್ಳಿ ನಾಟಕದಲ್ಲಿ ಪಾತ್ರ ಹಂಚಿಹೋಗುವುದಕ್ಕೆ ಮೊದಲ ಕಾರಣ ಹಣ. ಮೇಷ್ಟ್ರ ಸಂಭಾವನೆ, ಸೀನರಿ ಬಾಡಿಗೆ, ಮೈಕು, ಲೈಟು, ಸ್ತ್ರೀಪಾತ್ರಕ್ಕೆ ಬರುವ ಕಲಾವಿದೆಯರ ಸಂಭಾವನೆ ಎಲ್ಲವನ್ನೂ ಪಾತ್ರ ಕಟ್ಟುವವರೇ ಕೈಯಿಂದ ಹಾಕುತ್ತಾರೆ. ದೊಡ್ಡ ಪಾತ್ರಕ್ಕೆ ದೊಡ್ಡ ಮೊತ್ತ. ಪದ್ಯ ಹೆಚ್ಚಿರುವ ಕೃಷ್ಣನ ಪಾತ್ರವನ್ನು ಇಬ್ಬರು ಮೂವರು ಹಂಚಿಕೊಂಡರೆ ಹೊರೆ ಇಳಿಯುತ್ತದೆ, ಗಂಟಲೂ ಉಳಿಯುತ್ತದೆ, ಆಸೆಪಟ್ಟವರಿಗೆಲ್ಲ ರಂಗ ಸಿಗುತ್ತದೆ. ಬ್ರಿಟನ್ನಿನಲ್ಲಿ ಕಾರಣ ಒಬ್ಬ ನಟನ ಅನಾರೋಗ್ಯ, ಇಲ್ಲಿ ಊರವರ ಜೇಬು. ಎರಡು ಕಡೆಯೂ ಕಷ್ಟವೇ ಕಲೆಯ ಕಟ್ಟುಪಾಡಾಯಿತು.

ಗುರುತುಗಳು ಬದಲಾಗುವುದಿಲ್ಲ ಎಂಬುದು ಎರಡನೆಯ ಸಾಮ್ಯ. ಮೈಗೆ ನೀಲಿ, ತಲೆಗೆ ನವಿಲುಗರಿ, ಕೈಗೆ ಕೊಳಲು ಬಂದರೆ ಕೃಷ್ಣ ಬಂದ. ಡಾಕ್ಟರನಿಗೆ ಅವನ ಕಾಲಯಂತ್ರವಾದ ನೀಲಿ ಬಣ್ಣದ ಪೊಲೀಸ್ ಪೆಟ್ಟಿಗೆ, ಎದೆಯಲ್ಲಿ ಎರಡು ಹೃದಯ, ರಾನ್ ಗ್ರೇನರ್ ರಚಿಸಿ ಡೆಲಿಯಾ ಡರ್ಬಿಶೈರ್ ಟೇಪಿನ ತುಣುಕುಗಳಿಂದ ಕಟ್ಟಿದ ಆ ಶೀರ್ಷಿಕೆ ಸಂಗೀತ. ಮೂರನೆಯದು ಸಾಕ್ಷಿ. ಹಳ್ಳಿಯಲ್ಲಿ ಕೃಷ್ಣ ಬದಲಾದರೂ ರುಕ್ಮಿಣಿ, ದ್ರೌಪದಿಯ ವೇಷಕ್ಕೆ ಬಂದ ಕಲಾವಿದೆ ಸಾಮಾನ್ಯವಾಗಿ ಬೆಳಗಿನವರೆಗೂ ಅವಳೇ. ಮೊದಲವನ ಜೊತೆ ಹಾಡಿದವಳೇ ಎರಡನೆಯವನ ಜೊತೆಯೂ ಹಾಡಿ ಅವನನ್ನು ದಡ ಸೇರಿಸುತ್ತಾಳೆ. ಅವಳ ಈ ಕೆಲಸಕ್ಕೆ ಸಲ್ಲಬೇಕಾದ ಮನ್ನಣೆ ಇನ್ನೂ ಸಂದಿಲ್ಲ.

ಟ್ರೌಟನ್ ನಂತರ 1970ರಲ್ಲಿ ಜಾನ್ ಪರ್ಟ್ವೀ ಬಂದರು, ಧಾರಾವಾಹಿಗೂ ಆಗಲೇ ಬಣ್ಣ ಬಂತು. ಈ ರೂಪಾಂತರಕ್ಕೆ ‘ರೀಜನರೇಷನ್’ ಎಂಬ ಹೆಸರು ಕಥೆಯೊಳಗೆ ಸಿಕ್ಕಿದ್ದು 1974ರಲ್ಲಿ, ಪರ್ಟ್ವೀ ಹೋಗುವಾಗ. ಆಮೇಲೆ ಬಂದ ಟಾಮ್ ಬೇಕರ್ ಏಳು ವರ್ಷ ಆಡಿದರು. 1976ರ ಒಂದು ಕಥೆ, ಹೀಗೆ ಹನ್ನೆರಡು ಸಲ ಮಾತ್ರ ಬದಲಾಗಬಹುದು ಎಂದು ಗೆರೆ ಎಳೆಯಿತು. ಆ ಗೆರೆಯನ್ನು ದಾಟಲು 2013ರ ಕ್ರಿಸ್ಮಸ್ ಕಂತಿನಲ್ಲಿ ಹೊಸ ವರವನ್ನೇ ಕೊಡಿಸಬೇಕಾಯಿತು. ನಡುವೆ 1989ರಲ್ಲಿ ಧಾರಾವಾಹಿ ನಿಂತಿತ್ತು. 1996ರ ಒಂದು ಟಿವಿ ಚಿತ್ರ ಬಿಟ್ಟರೆ 2005ರವರೆಗೆ ಕತ್ತಲು. ಆ ವರ್ಷ ರಸೆಲ್ ಟಿ. ಡೇವಿಸ್ ಬರವಣಿಗೆಯಲ್ಲಿ, ಕ್ರಿಸ್ಟೋಫರ್ ಎಕ್ಲ್‌ಸ್ಟನ್ ನಾಯಕತ್ವದಲ್ಲಿ ಮರಳಿತು.

ನಿಜವಾದ ಹೊಸ ಆರಂಭಕ್ಕೆ 2010ರ ಏಪ್ರಿಲ್ 3ರ ಕಂತು ಒಳ್ಳೆಯ ನಿದರ್ಶನ. ಜನ ಮನಸಾರೆ ಪ್ರೀತಿಸಿದ್ದ ಡೇವಿಡ್ ಟೆನೆಂಟ್ ಹೋಗಿದ್ದರು. ಬಂದ ಮ್ಯಾಟ್ ಸ್ಮಿತ್ ಆಯ್ಕೆಯಾದಾಗ 26ರ ಹುಡುಗ. ಮುಖ್ಯ ಬರಹಗಾರ, ಜೊತೆಗಾರ್ತಿ, ಯಂತ್ರದ ಒಳಾಂಗಣ ಎಲ್ಲ ಒಟ್ಟಿಗೇ ಹೊಸದು. ಸ್ಟೀವನ್ ಮೊಫಾಟ್ ಬರೆದ ಆ ಕಂತಿನಲ್ಲಿ ಹೊಸ ಡಾಕ್ಟರ್ ಒಬ್ಬ ಪುಟ್ಟ ಹುಡುಗಿಯ ಅಡುಗೆಮನೆಯಲ್ಲಿ ಒಂದೊಂದೇ ತಿನಿಸು ಬಾಯಿಗಿಟ್ಟು ಉಗುಳುತ್ತಾನೆ. ಹೊಸ ನಾಲಿಗೆ, ರುಚಿ ಯಾವುದೆಂದು ಅವನಿಗೇ ತಿಳಿಯದು. ಕೊನೆಗೆ ಮೀನಿನ ತುಂಡನ್ನು ಕಸ್ಟರ್ಡಿನಲ್ಲಿ ಅದ್ದಿ ತೃಪ್ತನಾಗುತ್ತಾನೆ. ಹೊಸ ಮೈಯೊಳಗೆ ಹಳೆಯ ಜೀವ ಕಾಲೂರುವುದನ್ನು ಹೇಳಲು ಇದಕ್ಕಿಂತ ಸೊಗಸಾದ ದೃಶ್ಯ ಸಿಗುವುದು ಕಷ್ಟ.

ಹಾಸನಕ್ಕೂ ಟೆಲಿವಿಷನ್ ಕಥೆಗಳಿಗೂ ಇನ್ನೊಂದು ನಂಟಿದೆ. ಇಸ್ರೋ ಸಂಸ್ಥೆಯ ಪ್ರಧಾನ ನಿಯಂತ್ರಣ ಕೇಂದ್ರ 1982ರಲ್ಲಿ ಹಾಸನದಲ್ಲಿ ನೆಲೆಗೊಂಡಿತು. ಆ ವರ್ಷ ಏಪ್ರಿಲ್‌ನಲ್ಲಿ ಹಾರಿದ ಇನ್ಸಾಟ್-1ಎ ಉಪಗ್ರಹ ಸೆಪ್ಟೆಂಬರ್‌ನಲ್ಲೇ ಕೈಕೊಟ್ಟಿತು. 1983ರ ಆಗಸ್ಟ್‌ನಲ್ಲಿ ಚಾಲೆಂಜರ್ ನೌಕೆ ಹೊತ್ತೊಯ್ದ ಇನ್ಸಾಟ್-1ಬಿ ಆ ಕೆಲಸ ವಹಿಸಿಕೊಂಡಿತು. ದೂರದರ್ಶನ ದೇಶದ ಮೂಲೆಮೂಲೆಗೆ ಹಬ್ಬಿದ್ದು ಇದರ ಬಲದಿಂದ. ಹಾಸನದ ಸುತ್ತಲಿನ ಮನೆಗಳ ಆಂಟೆನಾಗಳಿಗೂ ಕಥೆಗಳು ಇಳಿದವು. ಎಂಬತ್ತರ ದಶಕದ ಭಾನುವಾರದ ಬೆಳಗಿನಲ್ಲಿ ದೂರದರ್ಶನ ತೋರಿಸಿದ ‘ಸ್ಟಾರ್ ಟ್ರೆಕ್’ ಕೂಡ ನಾಯಕನನ್ನು ಬದಲಿಸಿಕೊಂಡ ಧಾರಾವಾಹಿಯೇ. 1987ರಲ್ಲಿ ಅದು ಮರಳಿದಾಗ ಹಡಗಿನ ಕಪ್ತಾನ ಕರ್ಕ್ ಜಾಗಕ್ಕೆ ಪಿಕಾರ್ಡ್ ಬಂದ. ಅದು ಬೇರೆ ಬಗೆ: ಪಾತ್ರವೇ ಬೇರೆ, ಉಳಿದದ್ದು ಹಡಗಿನ ಹೆಸರು.

ನಮ್ಮ ‘ಶಕ್ತಿಮಾನ್’ ಇದಕ್ಕೆ ತದ್ವಿರುದ್ಧ. 1997ರಿಂದ 2005ರವರೆಗೆ ನಡೆದ ಆ ಧಾರಾವಾಹಿಯಲ್ಲಿ ಪಾತ್ರ ಮುಕೇಶ್ ಖನ್ನಾ ಮುಖಕ್ಕೆ ಅಂಟಿಬಿಟ್ಟಿತು. 2022ರಲ್ಲಿ ಅದನ್ನು ಸಿನಿಮಾ ಮಾಡುವ ಘೋಷಣೆ ಬಂದಾಗ ಎದ್ದ ದೊಡ್ಡ ಪ್ರಶ್ನೆ, ಆ ಕೆಂಪು ಉಡುಪನ್ನು ಇನ್ಯಾರು ತೊಟ್ಟಾರು ಎಂಬುದು. ಮುಖ ಬದಲಾಗುವುದಕ್ಕೆ ಕಥೆಯಲ್ಲಿ ಮೊದಲೇ ಬಾಗಿಲು ಇಟ್ಟಿರಲಿಲ್ಲ. ಕನ್ನಡದಲ್ಲಿ ಟಿ.ಎನ್. ಸೀತಾರಾಮ್ ನಡುದಾರಿ ಹಿಡಿದರು. 1998ರ ‘ಮಾಯಾಮೃಗ’ವನ್ನು 2022ರಲ್ಲಿ ‘ಮತ್ತೆ ಮಾಯಾಮೃಗ’ವಾಗಿ ತಂದಾಗ ಮುಂದಿನ ತಲೆಮಾರಿನವರನ್ನು ಕಥೆಯ ಮುಂದಕ್ಕೆ ತಂದರು. ಸಂಸಾರದ ಕಥೆಗೆ ಅದೇ ಸಹಜ. ಅಲ್ಲಿ ದೇಹ ಹೊಸದಾಗುವುದಿಲ್ಲ, ಮಕ್ಕಳು ಬೆಳೆಯುತ್ತಾರೆ.

2017ರಲ್ಲಿ ಡಾಕ್ಟರ್ ಪಾತ್ರಕ್ಕೆ ಜೋಡಿ ವಿಟ್ಟೇಕರ್ ಆಯ್ಕೆಯಾದಾಗ ಹೆಣ್ಣು ಡಾಕ್ಟರ್ ಆಗಬಹುದೇ ಎಂದು ದೊಡ್ಡ ಚರ್ಚೆ ನಡೆಯಿತು. ನಮ್ಮಲ್ಲಿ, ಗುಬ್ಬಿ ನಾಟಕ ಕಂಪನಿಯಲ್ಲಿ ಪಳಗಿದ ಆರ್. ನಾಗರತ್ನಮ್ಮ 1958ರಲ್ಲೇ ಸ್ತ್ರೀ ನಾಟಕ ಮಂಡಳಿ ಕಟ್ಟಿ, ಕಂಸ, ಭೀಮ, ರಾವಣರ ವೇಷ ತೊಟ್ಟು ಗದೆ ಹಿಡಿದು ನಿಂತಿದ್ದರು. ಆ ಮಂಡಳಿಯಲ್ಲಿ ಗಂಡುಪಾತ್ರಗಳೆಲ್ಲ ಹೆಂಗಸರದೇ. ಜನ ಟಿಕೆಟ್ ಕೊಂಡು ನೋಡಿದರು. 2012ರಲ್ಲಿ ಅವರಿಗೆ ಪದ್ಮಶ್ರೀ ಬಂತು. 2023ರ ಡಿಸೆಂಬರ್ 9ರಂದು ಡಾಕ್ಟರ್ ಇನ್ನೊಂದು ಹೆಜ್ಜೆ ಮುಂದೆ ಹೋದ: ಮತ್ತೆ ಡಾಕ್ಟರ್ ಆಗಿ ಮರಳಿದ್ದ ಟೆನೆಂಟ್ ಕರಗಿಹೋಗದೆ ಉಳಿದು, ಅವರ ಮೈಯಿಂದಲೇ ಶೂಟಿ ಗಟ್ವಾ ಹೊರಬಂದರು. ಇಬ್ಬರು ಡಾಕ್ಟರುಗಳು ಎದುರುಬದುರು. ಒಂದನೇ ಕೃಷ್ಣ ಬಣ್ಣ ಅಳಿಸದೆ ಸೈಡ್‌ವಿಂಗಿನಲ್ಲಿ ನಿಂತು ಎರಡನೇ ಕೃಷ್ಣನ ಪದ್ಯ ಕೇಳುವುದನ್ನು ಕಂಡವರಿಗೆ ಈ ನೋಟ ಹೊಸದಾಗಿ ತೋರದು.

1966ರ ಆ ಕಂತು ಈಗ ಬಿಬಿಸಿಯ ಬಳಿ ಇಲ್ಲ. ಅರವತ್ತರ ದಶಕದ ಎಷ್ಟೋ ಕಂತುಗಳಂತೆ ಅದೂ ಕಳೆದುಹೋಯಿತು. ಹಾರ್ಟ್‌ನೆಲ್ ಟ್ರೌಟನ್ ಆಗುವ ಕೆಲವು ಕ್ಷಣ ಮಾತ್ರ, 1973ರಲ್ಲಿ ‘ಬ್ಲೂ ಪೀಟರ್’ ಎಂಬ ಮಕ್ಕಳ ಕಾರ್ಯಕ್ರಮದಲ್ಲಿ ತೋರಿಸಿದ್ದರಿಂದ ಉಳಿದುಕೊಂಡಿದೆ. ನಮ್ಮ ನಾಟಕಗಳ ವಿಷಯದಲ್ಲಿ ಅಂಥ ತುಣುಕಿಗೆ ಸಮನಾದದ್ದು ಕರಪತ್ರವೊಂದೇ. ಅದರಲ್ಲಿ ತಾರೀಖು, ಮೇಷ್ಟ್ರ ಹೆಸರು, ಸೀನರಿಯವರ ಊರು, ಯಾರು ಒಂದನೇ ಕೃಷ್ಣ, ಯಾರು ಎರಡನೆಯವ ಎಂಬುದೆಲ್ಲ ಇರುತ್ತದೆ. ಅವನ್ನು ತಾಲ್ಲೂಕುವಾರು ಕೂಡಿಸಿಟ್ಟರೆ ಈ ಸೀಮೆಯ ರಂಗ ಇತಿಹಾಸ ಬರೆಯುವವರಿಗೆ ಅದಕ್ಕಿಂತ ದೊಡ್ಡ ಆಕರ ಬೇಡ. ಸದ್ಯಕ್ಕೆ ನಾಟಕದ ಮರುದಿನ ಬೆಳಿಗ್ಗೆ ಅವು ಬಸ್‌ಸ್ಟ್ಯಾಂಡಿನ ಗೋಡೆಯ ಮೇಲೆ ಅರ್ಧ ಹರಿದು ನಿಂತಿರುತ್ತವೆ, ಮೇಲೆ ಮುಂದಿನ ಊರಿನ ಕುರುಕ್ಷೇತ್ರದ ಕರಪತ್ರ ಅಂಟುವವರೆಗೆ.