ಚಿತ್ರವಿದ್ಯೆಯ ಗುರುಗಳನ್ನು ಸಿದ್ಧಗೊಳಿಸಿದ ಇತಿಹಾಸ

ಕೂಸು ಓನಾಮವನ್ನು ತಿದ್ದುವದಕ್ಕಿಂತ ಮೊದಲೇ ಇದ್ದಲಿಯ ಚೂರನ್ನು ಹಿಡಿದು ಗೋಡೆಯ ಮೇಲೆ ಮನೆಯನ್ನೂ ಮರವನ್ನೂ ಬರೆಯುತ್ತದೆ. ಯಾರೂ ಕಲಿಸದೆ ಬಂದ ಈ ಶಕ್ತಿಯು ಶಾಲೆಯ ಹೊಸ್ತಿಲನ್ನು ದಾಟಿದ ಕೆಲವು ವರ್ಷಗಳಲ್ಲಿಯೇ ಬಹುಮಂದಿ ಮಕ್ಕಳಲ್ಲಿ ಬತ್ತಿಹೋಗುವದೇಕೆ ಎಂಬುದು ವಿಚಾರವಂತರನ್ನು ಕಾಡಿದ ಪ್ರಶ್ನೆಯಾಗಿದೆ. ಇದಕ್ಕೆ ಉತ್ತರವನ್ನು ಹುಡುಕುತ್ತ ಹೋದವರು ಕೊನೆಗೆ ಬಂದು ನಿಂತುದು ಗುರುವಿನ ಬಾಗಿಲಲ್ಲಿ. ಕಲಿಸುವವನು ಹೇಗೆ ಕಲಿತನೋ ಹಾಗೆಯೇ ಕಲಿಸುತ್ತಾನೆ. ಆದುದರಿಂದ ಶಾಲೆಯ ಚಿತ್ರವಿದ್ಯೆಯ ಇತಿಹಾಸವೆಂದರೆ ಅದನ್ನು ಕಲಿಸತಕ್ಕವರನ್ನು ಸಿದ್ಧಗೊಳಿಸಿದ ಇತಿಹಾಸವೇ ಸರಿ.

ಪೂರ್ವಕಾಲದ ಭರತಖಂಡದಲ್ಲಿ ಈ ಪ್ರಶ್ನೆಗೆ ಅಷ್ಟಾಗಿ ಆಸ್ಪದವಿರಲಿಲ್ಲ. ಚಿತ್ರಿಕನ ಮಗನು ತಂದೆಯ ಮಗ್ಗುಲಲ್ಲಿ ಕುಳಿತು ಬಣ್ಣವನ್ನು ಅರೆಯುತ್ತ, ಕುಂಚವನ್ನು ಕಟ್ಟುತ್ತ, ಗೋಡೆಗೆ ಗಾರೆಯನ್ನು ಬಳಿಯುತ್ತ ವಿದ್ಯೆಯನ್ನು ಪಡೆಯುತ್ತಿದ್ದನು. ವಿಷ್ಣುಧರ್ಮೋತ್ತರ ಪುರಾಣದಲ್ಲಿ ವಜ್ರನೆಂಬ ಅರಸನು ಪ್ರತಿಮೆಯ ಲಕ್ಷಣವನ್ನು ಕೇಳಿದಾಗ, ಚಿತ್ರವನ್ನರಿಯದವನಿಗೆ ಪ್ರತಿಮೆಯು ತಿಳಿಯದೆಂದೂ, ನೃತ್ಯವನ್ನರಿಯದವನಿಗೆ ಚಿತ್ರವು ತಿಳಿಯದೆಂದೂ, ನೃತ್ಯಕ್ಕೆ ವಾದ್ಯವೂ ವಾದ್ಯಕ್ಕೆ ಗೀತವೂ ಆಧಾರವೆಂದೂ ಮಾರ್ಕಂಡೇಯ ಋಷಿಯು ತಿಳಿಸುತ್ತಾನೆ. ಕಲ್ಯಾಣದ ಚಾಲುಕ್ಯ ದೊರೆಯಾದ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸವು ಭಿತ್ತಿಯನ್ನು ಹದಗೊಳಿಸುವದು, ಬಣ್ಣಗಳನ್ನು ಕೂಡಿಸುವದು, ಲೇಖನಿಗಳನ್ನು ಮಾಡುವದು ಮುಂತಾದ ವಿಷಯಗಳನ್ನು ವಿವರಿಸುತ್ತದೆ. ಇವೆಲ್ಲವೂ ಚಿತ್ರಿಕನನ್ನು ನಿರ್ಮಿಸುವ ಮಾರ್ಗಗಳು. ಎಲ್ಲ ಮನೆಗಳ ಎಲ್ಲ ಮಕ್ಕಳಿಗೂ ಚಿತ್ರವನ್ನು ಕಲಿಸತಕ್ಕ ಅಧ್ಯಾಪಕನು ಬೇಕೆಂಬ ವಿಚಾರವು ಇವುಗಳಿಂದ ಹುಟ್ಟಿದ್ದಲ್ಲ. ಅದು ಹತ್ತೊಂಬತ್ತನೆಯ ಶತಮಾನದಲ್ಲಿ, ಯಂತ್ರಗಳ ಯುಗದಲ್ಲಿ, ಯುರೋಪ ಖಂಡದಲ್ಲಿ ಬಲಗೊಂಡಿತು.

ಇಂಗ್ಲಂಡಿನಲ್ಲಿ ಈ ವಿಚಾರವು ಬೆಳೆದುದು ಕಲೆಯ ಮೇಲಣ ಪ್ರೀತಿಯಿಂದಲ್ಲ, ವ್ಯಾಪಾರದ ಚಿಂತೆಯಿಂದ. ಅಲ್ಲಿಯ ಗಿರಣಿಗಳು ಹೇರಳವಾಗಿ ಬಟ್ಟೆಯನ್ನು ನೇಯುತ್ತಿದ್ದರೂ ಅಂದಚಂದಗಳಲ್ಲಿ ಫ್ರೆಂಚರ ಸರಕೇ ಮೇಲೆಂದು ಕೊಳ್ಳುವವರು ಭಾವಿಸುತ್ತಿದ್ದರು. ಪಾರ್ಲಿಮೆಂಟಿನ ಒಂದು ಸಮಿತಿಯು ಇದನ್ನು ವಿಚಾರಿಸಿದ ಮೇಲೆ ೧೮೩೭ನೆಯ ಇಸವಿಯಲ್ಲಿ ಲಂಡನ್ನಿನ ಸಾಮರ್ಸೆಟ್ ಹೌಸಿನಲ್ಲಿ ಸರಕಾರದ ವಿನ್ಯಾಸ ಶಾಲೆಯು ಆರಂಭವಾಯಿತು. ೧೮೫೧ರ ಮಹಾಪ್ರದರ್ಶನದ ತರುವಾಯ, ೧೮೫೨ರಲ್ಲಿ ಹೆನ್ರಿ ಕೋಲ್ ಎಂಬ ಅಧಿಕಾರಿಯು ಈ ಕಾರ್ಯದ ಸೂತ್ರಗಳನ್ನು ಕೈಗೆ ತೆಗೆದುಕೊಂಡರು. ನಾಡಿನ ಊರೂರುಗಳಲ್ಲಿ ಚಿತ್ರವನ್ನು ಕಲಿಸಬೇಕಾದರೆ ಮೊದಲು ಕಲಿಸುವವರು ಸಿದ್ಧರಾಗಬೇಕೆಂಬುದನ್ನು ಅವರು ಕಂಡುಕೊಂಡರು. ಹೀಗೆ ಚಿತ್ರ ಶಿಕ್ಷಕರ ತರಬೇತಿಯ ವರ್ಗವು ಹುಟ್ಟಿ, ೧೮೫೭ರಲ್ಲಿ ಸೌತ್ ಕೆನ್ಸಿಂಗ್‌ಟನ್ನಿಗೆ ಹೋಗಿ ನೆಲೆಸಿತು. ಮುಂದೆ ೧೮೯೬ರಲ್ಲಿ ರಾಯಲ್ ಕಾಲೇಜ್ ಆಫ್ ಆರ್ಟ್ ಎಂಬ ಹೆಸರನ್ನು ಪಡೆದದ್ದು ಇದೇ ಸಂಸ್ಥೆಯು.

ಈ ವರ್ಗಕ್ಕಾಗಿ ರಿಚರ್ಡ್ ರೆಡ್‌ಗ್ರೇವ್ ಎಂಬ ಚಿತ್ರಕಾರರು ಇಪ್ಪತ್ತುಮೂರು ಮೆಟ್ಟಿಲುಗಳ ಪಾಠಕ್ರಮವನ್ನು ಏರ್ಪಡಿಸಿದರು. ಮೊದಲನೆಯ ಮೆಟ್ಟಿಲಿನಲ್ಲಿ ಅಳತೆಯ ಉಪಕರಣಗಳಿಂದ ಗೆರೆ, ಅನಂತರ ಅಚ್ಚಿನ ಹಾಳೆಯನ್ನು ನೋಡಿ ಬರಿಗೈಯ ಗೆರೆ, ಅದಾದ ಮೇಲೆ ಪ್ಲಾಸ್ಟರಿನ ಅಚ್ಚುಗಳ ನೆರಳು ಬೆಳಕು. ಸ್ವಂತ ರಚನೆಯು ಬರತಕ್ಕದ್ದು ಕಟ್ಟಕಡೆಯ ಮೆಟ್ಟಿಲುಗಳಲ್ಲಿ. ಒಂದೊಂದು ಅಚ್ಚಿನ ಛಾಯೆಯನ್ನು ಚುಕ್ಕೆಚುಕ್ಕೆಯಾಗಿ ತುಂಬುವದರಲ್ಲಿಯೇ ವಿದ್ಯಾರ್ಥಿಯ ತಿಂಗಳುಗಳು ಕಳೆಯುತ್ತಿದ್ದವು. ಮೆಟ್ಟಿಲುಗಳನ್ನು ಏರಿದವನಿಗೆ ಅರ್ಹತಾಪತ್ರವು ದೊರೆಯುತ್ತಿತ್ತು. ಅವನ ಶಿಷ್ಯರು ಪರೀಕ್ಷೆಯಲ್ಲಿ ತೇರಿದ ಮೇರೆಗೆ ಅವನಿಗೆ ಹಣವೂ ದೊರೆಯುತ್ತಿತ್ತು.

ಈ ಕ್ರಮದಲ್ಲಿ ಗುಣವಿರಲಿಲ್ಲವೆಂದು ಹೇಳುವದು ಅನ್ಯಾಯವಾದೀತು. ಚಿತ್ರವು ಕೆಲವರ ಹುಟ್ಟುಗುಣವೆಂಬ ನಂಬಿಕೆಯನ್ನು ಅದು ಮುರಿಯಿತು. ಬರವಣಿಗೆಯಂತೆ ಗೆರೆಯನ್ನೂ ಎಲ್ಲರಿಗೆ ಕಲಿಸಬಹುದೆಂದು ತೋರಿಸಿಕೊಟ್ಟಿತು. ಆದರೆ ಕೈಯನ್ನು ಪಳಗಿಸಿದ ಆ ಶಿಕ್ಷಣವು ಕಣ್ಣನ್ನು ಮರೆಯಿತು. ಕಾದಂಬರಿಕಾರ ಚಾರ್ಲ್ಸ್ ಡಿಕನ್ಸರು ೧೮೫೪ರ ತಮ್ಮ ‘ಹಾರ್ಡ್ ಟೈಮ್ಸ್’ ಎಂಬ ಗ್ರಂಥದಲ್ಲಿ ಇದನ್ನು ಹಾಸ್ಯಕ್ಕೆ ಗುರಿಮಾಡಿದರು. ಗೋಡೆಯ ಕಾಗದದಲ್ಲಿ ಕುದುರೆಯ ಚಿತ್ರವೂ ಜಮಖಾನೆಯಲ್ಲಿ ಹೂವಿನ ಚಿತ್ರವೂ ಸಲ್ಲದೆಂದು ಮಕ್ಕಳನ್ನು ಗದರಿಸುವ ಅಧಿಕಾರಿಯೊಬ್ಬನು ಅದರಲ್ಲಿ ಬರುತ್ತಾನೆ. ಒಂದೇ ಕಾರಖಾನೆಯಲ್ಲಿ ಒಟ್ಟಿಗೆ ತಯಾರಾದ ಸಾಮಾನಿನಂತೆ ಹೊರಬಿದ್ದ ಹೊಸ ಅಧ್ಯಾಪಕನೂ ಬರುತ್ತಾನೆ. ಅದೇ ಕಾಲದಲ್ಲಿ ಜಾನ್ ರಸ್ಕಿನ್ನರು ಲಂಡನ್ನಿನ ಶ್ರಮಜೀವಿಗಳ ಕಾಲೇಜಿನಲ್ಲಿ ಕಲಿಸುತ್ತಿದ್ದರು. ಚಿತ್ರವನ್ನು ಬರೆಯುವದಕ್ಕಿಂತ ನಿಸರ್ಗವನ್ನು ಕಣ್ದೆರೆದು ಕಾಣುವದೇ ದೊಡ್ಡದೆಂದು ಅವರು ಸಾರಿದರೂ ಆ ಮಾತು ಬಹುಕಾಲ ಅರಣ್ಯರೋದನವಾಯಿತು.

ಸೌತ್ ಕೆನ್ಸಿಂಗ್‌ಟನ್ನಿನ ಕ್ರಮವು ಸಮುದ್ರಗಳನ್ನು ದಾಟಿತು. ಅಮೇರಿಕದ ಮ್ಯಾಸಚೂಸೆಟ್ಸ್ ಸಂಸ್ಥಾನವು ೧೮೭೦ರಲ್ಲಿ ಸಾರ್ವಜನಿಕ ಶಾಲೆಗಳಲ್ಲಿ ಚಿತ್ರವಿದ್ಯೆಯನ್ನು ಕಾಯಿದೆಯಿಂದ ವಿಧಿಸಿ, ಈ ಕ್ರಮದಲ್ಲಿಯೇ ಪಳಗಿದ ವಾಲ್ಟರ್ ಸ್ಮಿತ್ ಎಂಬವರನ್ನು ಇಂಗ್ಲಂಡಿನಿಂದ ಕರೆಯಿಸಿಕೊಂಡಿತು. ಚಿತ್ರ ಶಿಕ್ಷಕರನ್ನು ಸಿದ್ಧಗೊಳಿಸುವದಕ್ಕಾಗಿಯೇ ೧೮೭೩ರಲ್ಲಿ ಬೋಸ್ಟನ್ನಿನಲ್ಲಿ ನಾರ್ಮಲ್ ಆರ್ಟ್ ಸ್ಕೂಲ್ ಎಂಬ ಶಾಲೆಯನ್ನು ಅವರ ಕೈಯಲ್ಲಿ ಕಟ್ಟಿಸಿತು.

ಹಿಂದುಸ್ಥಾನಕ್ಕೂ ಆ ಕ್ರಮವು ಬಂದಿತು. ಮದ್ರಾಸಿನಲ್ಲಿ ೧೮೫೦ರಲ್ಲಿಯೂ ಕಲಕತ್ತೆಯಲ್ಲಿ ೧೮೫೪ರಲ್ಲಿಯೂ ಕಲಾಶಾಲೆಗಳು ಹುಟ್ಟಿದವು. ಮುಂಬಯಿಯಲ್ಲಿ ಸರ್ ಜಮಶೇಟಜಿ ಜೀಜೀಭಾಯಿಯವರು ಕೊಟ್ಟ ಒಂದು ಲಕ್ಷ ರೂಪಾಯಿಗಳ ದಾನದಿಂದ ೧೮೫೭ರಲ್ಲಿ ಕಲಾಶಾಲೆಯ ವರ್ಗಗಳು ಆರಂಭವಾದವು. ೧೮೬೫ರಲ್ಲಿ ಅಲ್ಲಿಗೆ ಬಂದ ಲಾಕ್‌ವುಡ್ ಕಿಪ್ಲಿಂಗ್ ಮತ್ತು ಜಾನ್ ಗ್ರಿಫಿಥ್ಸ್ ಎಂಬ ಅಧ್ಯಾಪಕರಿಬ್ಬರೂ ಸೌತ್ ಕೆನ್ಸಿಂಗ್‌ಟನ್ನಿನ ಪರಿಸರದಿಂದ ಬಂದವರು. ಈ ಶಾಲೆಯ ಪ್ರಭಾವವು ಮುಂಬಯಿ ಇಲಾಖೆಯ ಕನ್ನಡ ಜಿಲ್ಹೆಗಳನ್ನೂ ಮುಟ್ಟಿತು. ಎಲಿಮೆಂಟರಿ, ಇಂಟರ್‌ಮೀಡಿಯೆಟ್ ಎಂಬ ಡ್ರಾಯಿಂಗ್ ಪರೀಕ್ಷೆಗಳ ಹೆಸರನ್ನು ಧಾರವಾಡ, ಬೆಳಗಾವಿ, ವಿಜಾಪುರಗಳ ಹಳೆಯ ವಿದ್ಯಾರ್ಥಿಗಳು ಕೇಳದೆ ಇರಲಿಲ್ಲ. ಇಟ್ಟ ವಸ್ತುವನ್ನು ನೋಡಿ ಬರೆಯುವದು, ನೆನಪಿನಿಂದ ಬರೆಯುವದು, ನಕ್ಷಿಯನ್ನು ರಚಿಸುವದು, ಭೂಮಿತಿಯ ಆಕೃತಿಗಳನ್ನು ಬಿಡಿಸುವದು ಇವೇ ಅವುಗಳ ಅಂಗಗಳಾಗಿದ್ದವು. ಘನ, ಶಂಕು, ಉರುಳೆಗಳ ಕಟ್ಟಿಗೆಯ ಆಕೃತಿಗಳನ್ನು ಮೇಜಿನ ಮೇಲೆ ಹೊಂದಿಸಿಡುವ ಡ್ರಾಯಿಂಗ ಮಾಸ್ತರರು ಇಂಗ್ಲಿಷ್ ಶಾಲೆಗಳ ಪರಿಚಿತ ವ್ಯಕ್ತಿಗಳಾದರು. ಹಲವು ಊರುಗಳಲ್ಲಿ ಚಿತ್ರವಿದ್ಯೆಯ ದೀಪವು ನಂದದಂತೆ ಕಾಯ್ದವರು ಈ ಮಾಸ್ತರರೇ ಎಂಬುದನ್ನು ಕೃತಜ್ಞತೆಯಿಂದ ನೆನೆಯತಕ್ಕದ್ದು.

ಆದರೆ ಒಂದು ವಿಪರ್ಯಾಸವು ಇಲ್ಲಿ ಗಮನಾರ್ಹವಾಗಿದೆ. ಇದೇ ಗ್ರಿಫಿಥ್ಸರು ೧೮೭೨ರಿಂದ ೧೮೮೫ರ ವರೆಗೆ ತಮ್ಮ ಶಿಷ್ಯರನ್ನು ಅಜಂತೆಯ ಗವಿಗಳಿಗೆ ಕರೆದೊಯ್ದು ಅಲ್ಲಿಯ ಭಿತ್ತಿಚಿತ್ರಗಳನ್ನು ಪ್ರತಿ ಮಾಡಿಸಿದರು. ಆ ಪ್ರತಿಗಳಲ್ಲಿ ಹಲವು ೧೮೮೫ರಲ್ಲಿ ಸೌತ್ ಕೆನ್ಸಿಂಗ್‌ಟನ್ನಿನಲ್ಲಿ ಬೆಂಕಿಗೆ ಆಹುತಿಯಾದರೂ, ಗವಿಗಳ ಅರೆಗತ್ತಲೆಯಲ್ಲಿ ದಿನಗಟ್ಟಲೆ ಕುಳಿತ ಆ ತರುಣರ ಕಣ್ಣುಗಳು ಪಡೆದ ಶಿಕ್ಷಣವು ಬೆಂಕಿಗೆ ಸಿಕ್ಕುವಂಥದಲ್ಲ. ಆದರೂ ಊರ ಶಾಲೆಯ ಹುಡುಗನ ಮುಂದೆ ಬಂದದ್ದು ಆ ಅಜಂತೆಯಲ್ಲ, ಕಟ್ಟಿಗೆಯ ಶಂಕು. ಮನೆಯಂಗಳದಲ್ಲಿ ತಾಯಿಯು ಬಿಡಿಸುವ ರಂಗವಲ್ಲಿಯೂ, ಇಳಕಲ್ಲಿನ ಸೀರೆಯ ಸೆರಗೂ, ಐಹೊಳೆ ಪಟ್ಟದಕಲ್ಲುಗಳ ಕಂಬಗಳೂ ಚಿತ್ರಪಾಠವೆಂದು ಅವನಿಗೆ ತೋರಿಸುವವರು ವಿರಳ. ಮಾಸ್ತರರಿಗೆ ಅವುಗಳನ್ನು ಯಾರೂ ತೋರಿಸಿರದಿದ್ದರೆ ಅವರು ತೋರಿಸುವದೆಂತು?

ಇಂಗ್ಲಂಡಿನಲ್ಲಿಯೇ ಈ ಕಟ್ಟು ಸಡಿಲಿದ ಬಗೆಯು ತಿಳಿಯತಕ್ಕದ್ದು. ಬರ್ಮಿಂಗ್‌ಹ್ಯಾಮಿನ ಕಲಾಶಾಲೆಯ ಮುಖ್ಯರಾಗಿದ್ದ ಕ್ಯಾಟರ್ಸನ್ ಸ್ಮಿತ್ ಎಂಬವರು ವಿದ್ಯಾರ್ಥಿಗಳಿಗೆ ಒಂದು ವಸ್ತುವನ್ನು ತುಸು ಹೊತ್ತು ತೋರಿಸಿ, ಅದನ್ನು ಮರೆಮಾಡಿ, ಕಣ್ಣುಮುಚ್ಚಿ ಮನಸ್ಸಿನಲ್ಲಿ ಕಂಡು ಬರೆಯಿರೆಂದು ಹೇಳುತ್ತಿದ್ದರು. ಅಲ್ಲಿ ಶಿಕ್ಷಕಿಯಾಗಲು ತರಬೇತಿಯನ್ನು ಪಡೆದ ಮ್ಯಾರಿಯನ್ ರಿಚರ್ಡ್‌ಸನ್ ಎಂಬ ತರುಣಿಯು ೧೯೧೨ರಲ್ಲಿ ಡಡ್ಲಿ ಎಂಬ ಊರಿನ ಬಾಲಿಕೆಯರ ಶಾಲೆಗೆ ಸೇರಿದರು. ಅವರು ಹುಡುಗಿಯರಿಗೆ ಕಣ್ಣು ಮುಚ್ಚಿಕೊಳ್ಳಲು ಹೇಳಿ, ಒಂದು ದೃಶ್ಯವನ್ನು ಮಾತಿನಲ್ಲಿ ಬಣ್ಣಿಸುತ್ತಿದ್ದರು. ಮಕ್ಕಳು ತಮ್ಮೊಳಗೆ ಮೂಡಿದ ಚಿತ್ರವನ್ನು ಕಾಗದದ ಮೇಲೆ ಇಳಿಸುತ್ತಿದ್ದರು. ಮಾತು ಒಂದೇ ಆದರೂ ಇಬ್ಬರು ಮಕ್ಕಳ ಚಿತ್ರವು ಒಂದೇ ಆಗುತ್ತಿರಲಿಲ್ಲ. ೧೯೧೭ರಲ್ಲಿ ಈ ಚಿತ್ರಗಳನ್ನು ಕಂಡ ಪ್ರಸಿದ್ಧ ಕಲಾವಿಮರ್ಶಕ ರೋಜರ್ ಫ್ರೈಯವರು ಬೆರಗಾಗಿ ಅವುಗಳನ್ನು ಲಂಡನ್ನಿನಲ್ಲಿ ಪ್ರದರ್ಶಿಸಿದರು.

ರಿಚರ್ಡ್‌ಸನ್ನರ ದೊಡ್ಡ ಕೆಲಸವು ಇದಾದ ಮೇಲಿನದು. ತಮ್ಮ ಒಂದು ಶಾಲೆಯು ಬೆಳಗಿದರೆ ಸಾಲದೆಂದು ತಿಳಿದು ಅವರು ೧೯೨೦ರ ದಶಕದಲ್ಲಿ ಲಂಡನ್ನಿನ ಅಧ್ಯಾಪಕರ ಶಿಕ್ಷಣ ಕಾಲೇಜಿನಲ್ಲಿ ಮುಂದಿನ ಶಿಕ್ಷಕರಿಗೆ ಪಾಠ ಹೇಳತೊಡಗಿದರು. ೧೯೩೦ರಲ್ಲಿ ಲಂಡನ್ ಪ್ರಾಂತದ ಶಾಲೆಗಳಿಗೆ ಚಿತ್ರವಿದ್ಯೆಯ ಇನ್‌ಸ್ಪೆಕ್ಟರರಾದರು. ೧೯೩೮ರಲ್ಲಿ ಆ ನಗರದ ಕೌಂಟಿ ಹಾಲಿನಲ್ಲಿ ನಡೆದ ಮಕ್ಕಳ ಚಿತ್ರಗಳ ಪ್ರದರ್ಶನವು ಅವರಿಂದ ಕಲಿತ ಶಿಕ್ಷಕರ ಕೆಲಸಕ್ಕೆ ಸಾಕ್ಷಿಯಾಯಿತು. ಅವರು ೧೯೪೬ರಲ್ಲಿ ತೀರಿಕೊಂಡ ಬಳಿಕ ೧೯೪೮ರಲ್ಲಿ ಅವರ ಅನುಭವದ ಗ್ರಂಥವು ಅಚ್ಚಾಯಿತು.

ಭಾರತದಲ್ಲಿ ಕಣ್ಣನ್ನು ತೆರೆಯಿಸುವ ಈ ಕಾರ್ಯವು ಬೇರೊಂದು ದಾರಿಯಿಂದ ನಡೆಯಿತು. ಕಲಕತ್ತೆಯ ಕಲಾಶಾಲೆಯಲ್ಲಿ ಹ್ಯಾವೆಲ್ಲರೂ ಅವನೀಂದ್ರನಾಥ ಠಾಕೂರರೂ ವಿದೇಶದ ಪ್ಲಾಸ್ಟರಿನ ಅಚ್ಚುಗಳನ್ನು ಬದಿಗೆ ಸರಿಸಿ ಭಾರತದ ಚಿತ್ರಗಳನ್ನೇ ವಿದ್ಯಾರ್ಥಿಗಳ ಮುಂದಿಟ್ಟರು. ಲೇಡಿ ಹೆರಿಂಗ್‌ಹ್ಯಾಮರು ಅಜಂತೆಯ ಚಿತ್ರಗಳನ್ನು ಮತ್ತೊಮ್ಮೆ ಪ್ರತಿಮಾಡಿಸಲು ಹೊರಟಾಗ ಅವರಿಗೆ ನೆರವಾದ ಅವನೀಂದ್ರರ ಶಿಷ್ಯರಲ್ಲಿ ನಂದಲಾಲ ಬೋಸರೂ ಮೈಸೂರು ಸಂಸ್ಥಾನದ ಕೆ. ವೆಂಕಟಪ್ಪನವರೂ ಇದ್ದರು. ೧೯೧೯ರಲ್ಲಿ ಶಾಂತಿನಿಕೇತನದಲ್ಲಿ ರವೀಂದ್ರರು ತೆರೆದ ಕಲಾಭವನವನ್ನು ನಂದಲಾಲರು ೧೯೫೧ರ ವರೆಗೂ ಬೆಳೆಯಿಸಿದರು. ಅಲ್ಲಿ ಪಾಠವು ಕೋಣೆಯಲ್ಲಿ ಮುಗಿಯುತ್ತಿರಲಿಲ್ಲ. ಸಂತಾಲರ ಹಳ್ಳಿ, ಸಂತೆ, ಕೋಪಾಯಿ ನದಿಯ ದಂಡೆ, ಮರಗಿಡಗಳು ಇವೇ ಪಾಠಶಾಲೆಯಾಗಿದ್ದವು. ಅಂಗೈಯಗಲದ ಕಾರ್ಡಿನ ಮೇಲೆ ಗಳಿಗೆಯಲ್ಲಿ ಒಂದು ಚಿತ್ರವನ್ನು ಬರೆದು ಶಿಷ್ಯರಿಗೆ ಅಂಚೆಯಲ್ಲಿ ಕಳುಹಿಸುವದು ನಂದಲಾಲರ ರೂಢಿಯಾಗಿತ್ತು. ಗುರುವು ನಿತ್ಯವೂ ಬರೆಯುತ್ತಾನೆ, ನಿತ್ಯವೂ ಕಾಣುತ್ತಾನೆಂಬುದನ್ನು ಶಿಷ್ಯನು ಆ ಕಾರ್ಡಿನಿಂದಲೇ ಅರಿಯುತ್ತಿದ್ದನು.

೧೯೩೭ರ ಅಕ್ಟೋಬರಿನಲ್ಲಿ ವರ್ಧೆಯಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಕೂಡಿದ ಪರಿಷತ್ತು ಕೈಕೆಲಸವನ್ನು ಶಿಕ್ಷಣದ ನಡುವೆ ಇಟ್ಟಿತು. ಮಕ್ಕಳ ಶಾಲೆಯೊಡನೆ ಹೊಸ ಶಿಕ್ಷಣದ ಅಧ್ಯಾಪಕರನ್ನು ತರಬೇತುಗೊಳಿಸುವ ಕಾರ್ಯವೂ ನಡೆದ ಸೇವಾಗ್ರಾಮಕ್ಕೆ ೧೯೪೪ರಲ್ಲಿ ಕಲಾಭವನದ ದೇವೀಪ್ರಸಾದರು ಚಿತ್ರಶಿಕ್ಷಕರಾಗಿ ಬಂದರು. ಚಿತ್ರವು ಶಿಕ್ಷಣದ ಅಲಂಕಾರವಲ್ಲ, ಅಡಿಗಲ್ಲು ಎಂಬ ಅಭಿಪ್ರಾಯವನ್ನು ಅವರು ಅಲ್ಲಿಯ ಮಕ್ಕಳ ನಡುವೆ ಇದ್ದು ಕಂಡುಕೊಂಡು ಮುಂದೆ ಗ್ರಂಥರೂಪದಲ್ಲಿ ಮಂಡಿಸಿದರು. ೨೦೦೫ರ ರಾಷ್ಟ್ರೀಯ ಪಠ್ಯಕ್ರಮದ ಚೌಕಟ್ಟು ಹತ್ತನೆಯ ತರಗತಿಯ ವರೆಗೆ ಕಲೆಯು ಶಿಕ್ಷಣದ ಅಂಗವಾಗಬೇಕೆಂದು ಹೇಳಿತು. ೨೦೧೪ರಲ್ಲಿ ಎರಡು ವರ್ಷಗಳ ಅವಧಿಗೆ ವಿಸ್ತರಿಸಿದ ಬಿ. ಎಡ್. ಶಿಕ್ಷಣದ ಚೌಕಟ್ಟಿನಲ್ಲಿ ನಾಟಕ ಮತ್ತು ಕಲೆ ಎಂಬ ವಿಷಯವು ಎಲ್ಲ ಭಾವೀ ಶಿಕ್ಷಕರಿಗೂ ಸೇರಿತು. ಗಣಿತವನ್ನು ಕಲಿಸತಕ್ಕವನೂ ಒಮ್ಮೆ ಕುಂಚವನ್ನು ಹಿಡಿಯಬೇಕೆಂಬುದು ಇದರ ತಾತ್ಪರ್ಯ.

ಆದರೆ ವಿಧಿಯನ್ನು ಬರೆದ ಮಾತ್ರಕ್ಕೆ ವಿದ್ಯೆಯು ನೆಲೆಗೊಳ್ಳುವದಿಲ್ಲವೆಂಬುದಕ್ಕೆ ಇಪ್ಪತ್ತುಮೂರು ಮೆಟ್ಟಿಲುಗಳ ಕಥೆಯೇ ದೃಷ್ಟಾಂತವಾಗಿದೆ. ಕರಿಹಲಗೆಯ ಮೇಲೆ ಒಂದು ಗುಡ್ಡ, ಒಂದು ಸೂರ್ಯ, ಒಂದು ಗುಡಿಸಲನ್ನು ಬರೆದು ‘ಇದರಂತೆ ಬರೆಯಿರಿ’ ಎನ್ನುವ ಶಿಕ್ಷಕನು ಆ ಕ್ಷಣದಲ್ಲಿ ನಲವತ್ತು ಮಕ್ಕಳ ಕಣ್ಣುಗಳನ್ನು ಮುಚ್ಚುತ್ತಾನೆ. ಅವನು ಕೆಟ್ಟವನಲ್ಲ, ಅವನ ಕಣ್ಣನ್ನೂ ಹಿಂದೆ ಯಾರೋ ಹಾಗೆಯೇ ಮುಚ್ಚಿದ್ದರು. ಈ ಸರಪಳಿಯನ್ನು ಕಡಿಯುವದಕ್ಕೆ ಶಕ್ಯವಾದ ಸ್ಥಾನವು ಒಂದೇ: ಶಿಕ್ಷಕನಾಗಲಿರುವವನು ತಾನಿನ್ನೂ ಶಿಷ್ಯನಾಗಿರುವ ಆ ಒಂದೆರಡು ವರ್ಷಗಳು. ಆಗ ಅವನು ತಾನೇ ಬರೆಯಬೇಕು, ತಾನೇ ತಪ್ಪಬೇಕು, ತನ್ನ ಊರಿನ ಗುಡಿಯ ಕಂಬವನ್ನೂ ನೇಕಾರನ ಮಗ್ಗವನ್ನೂ ಕುಂಬಾರನ ತಿಗರಿಯನ್ನೂ ಮೊದಲ ಸಲ ಕಂಡವನಂತೆ ಕಾಣಬೇಕು. ಮಗುವಿನ ಗೆರೆಯನ್ನು ತಿದ್ದುವ ಮೊದಲು ಅದು ಏನನ್ನು ಕಂಡಿತೆಂದು ಕೇಳುವದನ್ನು ಕಲಿಯಬೇಕು.

ಶಾಲೆಗಳನ್ನೂ ಪ್ರಸಾದ ನಿಲಯಗಳನ್ನೂ ಅಧ್ಯಾಪಕರ ಶಿಕ್ಷಣ ಸಂಸ್ಥೆಗಳನ್ನೂ ನಡೆಯಿಸುವ ಧರ್ಮಪೀಠಗಳಿಗೂ ಅವುಗಳ ಶಿಷ್ಯವರ್ಗಕ್ಕೂ ಈ ಇತಿಹಾಸವು ಹೊರಗಿನದಲ್ಲ. ಹಣದಿಂದ ಬಣ್ಣದ ಪೆಟ್ಟಿಗೆಗಳನ್ನು ಕೊಳ್ಳಬಹುದು, ಕಟ್ಟಡವನ್ನು ಎತ್ತಬಹುದು. ಕಾಣುವ ಗುರುವನ್ನು ಮಾತ್ರ ಬೆಳೆಯಿಸಬೇಕಾಗುತ್ತದೆ. ತಾನು ಕಂಡುದನ್ನಷ್ಟೇ ಗುರುವು ಶಿಷ್ಯನಿಗೆ ಕಾಣಿಸಬಲ್ಲನು. ಅಂಥ ಗುರುವೊಬ್ಬನು ದೊರೆತ ಊರಿನಲ್ಲಿ, ಇದ್ದಲಿಯ ಚೂರಿನಿಂದ ಗೋಡೆಯ ಮೇಲೆ ಬರೆದ ಕೂಸು ಬೆಳೆದ ಮೇಲೆಯೂ ಬರೆಯುವದನ್ನು ಮರೆಯದು.