'ವಿಶ್': ಸಿಟ್ಟು ಯಾರ ಮೇಲೆ?

ಮಾಲೂರು ಅಂದ್ರೆ ಹೆಂಚು, ಇಟ್ಟಿಗೆ. ಈಗ ಜೊತೆಗೆ ಇಂಡಸ್ಟ್ರಿಯಲ್ ಏರಿಯಾ. ನೈಟ್ ಶಿಫ್ಟ್ ಮುಗಿಸಿದವರಿಗೆ ಗೊತ್ತು, ಮನೆಗೆ ಬಂದ್ರೂ ಮಷೀನಿನ ಸದ್ದು ಕಿವಿ ಬಿಡಲ್ಲ. ಅಂಥ ಸದ್ದನ್ನೇ ಸಂಗೀತ ಮಾಡಿದವರಿದ್ದಾರೆ. ಲಂಡನ್ನಿನ ಥ್ರಾಬಿಂಗ್ ಗ್ರಿಸಲ್ ತಂಡ 1976ರಲ್ಲಿ ತನ್ನ ರೆಕಾರ್ಡ್ ಕಂಪನಿಗೆ 'ಇಂಡಸ್ಟ್ರಿಯಲ್' ಅಂತಲೇ ಹೆಸರಿಟ್ಟಿತು.

ಇವತ್ತಿನ ಹಾಡು 'ವಿಶ್', 1992ರದ್ದು. ತಂಡ ನೈನ್ ಇಂಚ್ ನೇಲ್ಸ್. ತಂಡ ಅನ್ನೋದು ಹೆಸರಿಗೆ, ಸ್ಟುಡಿಯೋದಲ್ಲಿ ಬಹುಪಾಲು ಒಬ್ಬನೇ, ಟ್ರೆಂಟ್ ರೆಜ್ನರ್. ಅಮೆರಿಕದ ಉಕ್ಕಿನ ಊರು ಕ್ಲೀವ್‌ಲ್ಯಾಂಡಿನ ಒಂದು ಸ್ಟುಡಿಯೋದಲ್ಲಿ ಕಸ ಗುಡಿಸೋ ಕೆಲಸಕ್ಕಿದ್ದ. ಸ್ಟುಡಿಯೋ ಖಾಲಿ ಇದ್ದಾಗ ತನ್ನ ಹಾಡು ರೆಕಾರ್ಡ್ ಮಾಡ್ಕೊಳ್ತಿದ್ದ. 1989ರ ಮೊದಲ ಆಲ್ಬಂ ಹೆಸರು ತಂತು. ಕಷ್ಟ ಶುರುವಾಗಿದ್ದು ಆಮೇಲೆ. ಟಿವಿಟಿ ಕಂಪನಿ ಜೊತೆ ಜಗಳ. ಮುಂದಿನ ರೆಕಾರ್ಡಿಂಗ್ ಬೇರೆ ಹೆಸರಲ್ಲಿ, ಕದ್ದುಮುಚ್ಚಿ. ಹಾಗೆ ಹುಟ್ಟಿದ 'ಬ್ರೋಕನ್'ನಲ್ಲಿ ಈ ಹಾಡಿದೆ.

ಕೇಳಿ ನೋಡಿ. ಡ್ರಮ್ಮು ಪ್ರೆಸ್ ಮಷೀನಿನ ಥರ ಬಡಿಯತ್ತೆ, ಗಿಟಾರು ತಗಡು ಕೊಯ್ದ ಹಾಗೆ. ಸಿಟ್ಟು ಕಂಪನಿ ಮೇಲೆ, ಸರಿ. ಆದರೆ ಹಾಡಿನಲ್ಲಿ ಬೈಸಿಕೊಳ್ಳೋದು ಹೆಚ್ಚಾಗಿ ತಾನೇ: ನಾನು ಕೆಟ್ಟೆ, ನನಗೆ ಯಾರೂ ಇಲ್ಲ ಅನ್ನೋ ಧಾಟಿ. ನನ್ನ ಮಟ್ಟಿಗೆ ಹಾಡಿನ ನಿಜ ಇರೋದು ಇಲ್ಲೇ. ಸೂಪರ್‌ವೈಸರ್ ಬೈದಾಗ ತುಟಿ ಬಿಚ್ಚದೆ, ರೂಮಿಗೆ ಬಂದು ತನ್ನನ್ನೇ ಶಪಿಸ್ಕೊಳ್ಳೋ ಹುಡುಗ ಮಾಲೂರಲ್ಲೂ ಇದ್ದಾನೆ.

1993ರಲ್ಲಿ ಈ ಹಾಡಿಗೆ ಗ್ರ್ಯಾಮಿ ಬಂತು, ಮೆಟಲ್ ವಿಭಾಗದಲ್ಲಿ! ಮರುವರ್ಷದ ಆಲ್ಬಂನ ಕೊನೆಯ ಹಾಡು 'ಹರ್ಟ್'. ನೋವು ಅದೇ, ಅಬ್ಬರ ಮಾತ್ರ ಬಹಳಷ್ಟು ಇಳಿದಿದೆ. ಬರೆದವನಿಗಿನ್ನೂ ಮೂವತ್ತು ತುಂಬಿರಲಿಲ್ಲ. 2002ರಲ್ಲಿ ಅದನ್ನೇ ಜಾನಿ ಕ್ಯಾಶ್ ಹಾಡಿದಾಗ ಅವರಿಗೆ ಎಪ್ಪತ್ತು.